ಮಹಾನವಮಿಯ ಚೌಪದ: ಮನೆಬಾಗಿಲಿಗೆ ಬರುತ್ತಿದ್ದ ಶಾಲೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳ ಮಾನ್ಯ ಪೋಷಕರೇ,

ಡಿಸೆಂಬರ್ ಬಂದಾಗ ಶಾಲಾ ಮಕ್ಕಳು ಗುಂಪುಗೂಡಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಗೀತೆಗಳನ್ನು ಹಾಡುವುದನ್ನು ತಾವು ಕಂಡಿರಬಹುದು. ಇಂಥದೇ ಒಂದು ಪದ್ಧತಿ ನಮ್ಮ ಹಿರಿಯರಲ್ಲಿಯೂ ಇತ್ತು. ಅದರ ಕಾಲ ಮಹಾನವಮಿ, ಅದರ ಹಾಡು ಚೌಪದ.

ಹಳೆಯ ಕೂಲಿಮಠಗಳಲ್ಲಿ ನಾಲ್ಕು ಸಾಲಿನ ಈ ಪದ್ಯಗಳನ್ನು ಗುರುಗಳು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದರು. ನವರಾತ್ರಿಯಲ್ಲಿ ಅವರನ್ನು ಕರೆದುಕೊಂಡು ಮನೆಮನೆಗೆ ಹೋಗುತ್ತಿದ್ದರು. ಮಕ್ಕಳು ಹಾಡಿ ಹರಸುವರು. ಮನೆಯವರು ಗುರುಗಳಿಗೆ ಕಾಣಿಕೆ ಕೊಡುವರು. ತೆಲುಗು ನಾಡಿನಲ್ಲಿ ಮಕ್ಕಳು ಬಣ್ಣದ ಬಿಲ್ಲುಬಾಣ ಹಿಡಿದು ಹೊರಡುತ್ತಿದ್ದರು. ಉಡುಪಿ, ಕುಂದಾಪುರದ ಕಡೆ ಹುಡುಗರು ಭಾಗವತರೊಡನೆ ಹೂವಿನ ಕೋಲು ಹಿಡಿದು ಹೋಗಿ ಯಕ್ಷಗಾನದ ಪ್ರಸಂಗಗಳನ್ನು ನುಡಿಯುತ್ತಿದ್ದರು.

ದಸರೆಗೂ ಶಾಲೆಗೂ ಇದ್ದ ನಂಟಿಗೆ ನಮ್ಮ ಜಿಲ್ಲೆಯದೇ ಸಾಕ್ಷ್ಯವಿದೆ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ದೇಶೀಯ ಶಾಲೆಗಳ ಲೆಕ್ಕ ಕೇಳಿದಾಗ, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 763 ಶಾಲೆಗಳಿವೆಯೆಂದು ವರದಿ ಮಾಡಿದರು. ಉದಕಮಂಡಲವನ್ನು ಕಟ್ಟಿದವರೂ ಇವರೇ. ಒಬ್ಬ ವಿದ್ಯಾರ್ಥಿಯಿಂದ ಗುರುವಿಗೆ ವರ್ಷಕ್ಕೆ 3ರಿಂದ 14 ರೂಪಾಯಿ ಸಲ್ಲುತ್ತಿತ್ತು. ಅದಲ್ಲದೆ ದಸರೆ ಮೊದಲಾದ ದೊಡ್ಡ ಹಬ್ಬಗಳಲ್ಲಿ ಉಡುಗೊರೆಯೂ, ಮಗು ಹೊಸ ಪುಸ್ತಕ ಹಿಡಿದಾಗ ಕಾಣಿಕೆಯೂ ದೊರೆಯುತ್ತಿದ್ದವೆಂದು ಆ ವರದಿ ಹೇಳುತ್ತದೆ. ಆಗ ಕೊಳ್ಳೇಗಾಲವೂ ಇದೇ ಜಿಲ್ಲೆಗೆ ಸೇರಿತ್ತೆಂಬುದನ್ನು ನೆನೆಯಿರಿ.

ಹೀಗೆ ಹಬ್ಬವು ಗುರುವಿನ ಜೀವನೋಪಾಯದ ಒಂದು ಭಾಗವಾಗಿತ್ತು. ಮನೆಮನೆಯ ಹಾಡಿಗೆ ಇನ್ನೂ ಒಂದು ಪ್ರಯೋಜನವಿತ್ತು: ಮಗು ಕಲಿತದ್ದನ್ನು ಊರೇ ಕೇಳುತ್ತಿತ್ತು. ಅಕ್ಷರವರಿಯದ ಅಜ್ಜಿಯೂ ಉಚ್ಚಾರ ತಪ್ಪಿದಾಗ ತಿದ್ದಬಲ್ಲಳು. ಸರಕಾರದ ಸಂಬಳ ಮತ್ತು ಅನುದಾನದ ಶಾಲೆಗಳು ಬಂದ ಮೇಲೆ ಗುರುವಿಗೆ ಕಾಣಿಕೆ ಬೇಕಾಗಲಿಲ್ಲ. ಕಾಣಿಕೆಯೊಡನೆ ಊರಿನ ಕಿವಿಯೂ ಶಾಲೆಯಿಂದ ದೂರವಾಯಿತು.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು. ನಾವು ಇಲ್ಲಿಯೇ ಉಳಿದೆವು. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣಕ್ಕೆ ರಾಜ್ಯಗಳು ಯತ್ನಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಜಾರಿಗೆ ಬಂದದ್ದೂ ಅದೇ ದಿನ. 2006ರ ತಮಿಳು ಕಲಿಕೆ ಕಾಯ್ದೆಯಂತೆ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. ನೆಲದ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ, ಅದರಲ್ಲಿ ತಕರಾರಿಲ್ಲ. ಆದರೆ ದೇವಾಂಗ, ಒಕ್ಕಲಿಗ, ಕುರುಬ ಮನೆಗಳ ಎಷ್ಟೋ ಮಕ್ಕಳು ಇಂದು ಮನೆಯಲ್ಲಿ ಕನ್ನಡ ಆಡಿಯೂ ಅದರ ಒಂದಕ್ಷರವನ್ನು ಓದಲಾರರು.

ಆದುದರಿಂದ ಒಂದು ವಿನಂತಿ. ಈ ನಾಡಿನಲ್ಲಿ ನವರಾತ್ರಿಗೆ ಕೊಲು ಇಟ್ಟ ಮನೆಗಳಿಗೆ ಹೋಗಿ ಹಾಡುವ ವಾಡಿಕೆ ಈಗಲೂ ಜೀವಂತವಾಗಿದೆ. ನಮಗೆ ಬಾಗಿಲು ತೆರೆದೇ ಇದೆ. ಐದಾರು ಮನೆಯವರು ಕೂಡಿ ಮಕ್ಕಳಿಗೆ ಒಂದು ಕನ್ನಡ ಪದ ಕಲಿಸಿರಿ. ಮೊದಲು ಅವರ ಕೈಯಿಂದಲೇ ಅದನ್ನು ಕನ್ನಡ ಲಿಪಿಯಲ್ಲಿ ಬರೆಯಿಸಿರಿ. ಬರಿಯ ಹಾಡು ಓದು ಕಲಿಸದು. ಅಂದಿನ ಗುಂಪುಗಳಲ್ಲಿ ಹೆಣ್ಣುಮಕ್ಕಳು ಅಪರೂಪ, ಎಲ್ಲ ಜಾತಿಯ ಬಾಗಿಲಿಗೂ ಆ ಹಾಡು ಹೋಗುತ್ತಿರಲಿಲ್ಲ. ಆ ತಪ್ಪನ್ನು ನಾವು ಮಾಡುವುದು ಬೇಡ. ಹಣದ ತಟ್ಟೆಯೂ ಬೇಡ. ಮಕ್ಕಳಿಗೆ ಹುರಿಗಡಲೆ, ಬೆಲ್ಲ ಸಾಕು.

ತಮ್ಮ ಮನೆಯ ಹಿರಿಯರಿಗೆ ನೆನಪಿರುವ ಪದಗಳಿದ್ದರೆ, ಅವರು ಇರುವಾಗಲೇ ಬರೆದಿಟ್ಟುಕೊಳ್ಳಿರಿ.