ಜೇಡಿಮಣ್ಣಿನ ಮೇಲೆ ಜಲಪ್ರಳಯ

‘ಪುರಾಣ’ ಎಂಬ ಪದ ನಮ್ಮ ಆಡುಮಾತಿನಲ್ಲಿ ತುಂಬ ಅಗ್ಗವಾಗಿದೆ. ಯಾರಾದರೂ ಮಾತನ್ನು ಉದ್ದಕ್ಕೆ ಎಳೆದರೆ “ಸಾಕು ನಿಮ್ಮ ಪುರಾಣ” ಎನ್ನುತ್ತೇವೆ. ನಂಬಲಾಗದ್ದನ್ನು ಕೇಳಿದರೆ “ಅದೆಲ್ಲ ಬರೀ ಪುರಾಣ” ಎಂದು ತಳ್ಳಿಹಾಕುತ್ತೇವೆ. ಆದರೆ 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ, ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರ ಮರಾಠಿ ಕಾವ್ಯ ‘ಕ್ರಿಸ್ತಪುರಾಣ’ವೆಂದೇ ಹೆಸರಾಗಿ ಉಳಿಯಿತು. ಅಂದಿನ ಕ್ರೈಸ್ತರಿಗೆ ಈ ಪದದಲ್ಲಿ ಕೀಳೆನಿಸುವಂಥದ್ದೇನೂ ಕಂಡಿರಲಿಲ್ಲ. ಒಂದು ಜನಾಂಗವು ತನ್ನ ಹುಟ್ಟು, ಪಾಪ, ಸಾವು, ದೇವರೊಡನೆ ತನಗಿರುವ ನಂಟು ಇವುಗಳನ್ನು ಕಥೆಯಾಗಿ ಹೇಳಿಕೊಳ್ಳುವ ಬಗೆಯೇ ಪುರಾಣಕಥೆ.

ಈಗ ಅನೇಕ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ: “ನೋವನ ಕಥೆ ಬಾಬಿಲೋನಿಯದವರಿಂದ ನಕಲು ಮಾಡಿದ್ದಂತೆ, ಹೌದೇ?” ಅಂತರ್ಜಾಲದಿಂದ ಬಂದ ಪ್ರಶ್ನೆಯೆಂದು ಹಿರಿಯರು ಗದರಿಸಿ ಸುಮ್ಮನಾಗಿಸುವುದುಂಟು. ವಾಸ್ತವದಲ್ಲಿ ಈ ಪ್ರಶ್ನೆಗೆ ನೂರೈವತ್ತು ವರ್ಷ ತುಂಬಿದೆ.

ಯೋನ ಪ್ರವಾದಿಯ ಕಥೆಯಿಂದ ನಮಗೆ ಪರಿಚಿತವಾದ ನಿನೆವೆ ನಗರವು ಕ್ರಿ.ಪೂ. 612ರಲ್ಲಿ ಶತ್ರುಗಳ ವಶವಾಗಿ ಮಣ್ಣುಗೂಡಿತು. 1853ರಲ್ಲಿ ಆ ದಿಬ್ಬವನ್ನು ಅಗೆಸುತ್ತಿದ್ದ ಹೊರ್ಮುಜ್ದ್ ರಸ್ಸಾಮ್ ಎಂಬವರಿಗೆ ಅಶ್ಶೂರ್‌ಬನಿಪಾಲ ಅರಸನ ಗ್ರಂಥಭಂಡಾರ ದೊರೆಯಿತು. ರಸ್ಸಾಮ್ ಪಕ್ಕದ ಮೊಸೂಲ್ ನಗರದವರೇ, ಅಲ್ಲಿನ ಪ್ರಾಚೀನ ಕ್ರೈಸ್ತ ಸಮುದಾಯದವರು. ಹಸಿ ಜೇಡಿಮಣ್ಣಿನ ಮೇಲೆ ಬೆಣೆಯಾಕಾರದ ಅಕ್ಷರಗಳನ್ನು ಒತ್ತಿದ ಸಾವಿರಾರು ಫಲಕಗಳು ಚೂರುಚೂರಾಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ ಸೇರಿದವು.

ಅವುಗಳನ್ನು ಓದಿದವನು ಯಾವ ವಿಶ್ವವಿದ್ಯಾಲಯದ ಪಂಡಿತನೂ ಅಲ್ಲ. 1840ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಜಾರ್ಜ್ ಸ್ಮಿತ್, ಹದಿನಾಲ್ಕರ ಪ್ರಾಯದಲ್ಲಿ ಮುದ್ರಣಾಲಯವೊಂದರಲ್ಲಿ ನೋಟುಗಳ ಅಚ್ಚು ಕೆತ್ತುವ ಕೆಲಸ ಕಲಿಯತೊಡಗಿದ ಹುಡುಗ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮ್ಯೂಸಿಯಮ್ಮಿಗೆ ಓಡಿ, ತಾನಾಗಿಯೇ ಆ ಲಿಪಿಯನ್ನು ಕಲಿತ. ಅವನ ಚುರುಕುತನವನ್ನು ಕಂಡ ಅಧಿಕಾರಿಗಳು ಅವನಿಗೆ ಅಲ್ಲಿಯೇ ಕೆಲಸ ಕೊಟ್ಟರು. 1872ರಲ್ಲಿ ಒಂದು ಚೂರಿನ ಮೇಲೆ ಅವನು ಕಂಡದ್ದು: ಪರ್ವತದ ಮೇಲೆ ನಿಂತ ಹಡಗು, ಕಾಲೂರಲು ನೆಲೆ ಕಾಣದೆ ಹಿಂತಿರುಗಿದ ಪಾರಿವಾಳ. ಅದು ಗಿಲ್ಗಮೇಶನ ಮಹಾಕಾವ್ಯದ ಹನ್ನೊಂದನೆಯ ಫಲಕ. ಅದೇ ವರ್ಷ ಡಿಸೆಂಬರ್ 3ರಂದು ಸ್ಮಿತ್ ಈ ಶೋಧವನ್ನು ಸಭೆಯೊಂದರಲ್ಲಿ ಓದಿ ಹೇಳಿದಾಗ ಪ್ರಧಾನಮಂತ್ರಿ ಗ್ಲಾಡ್‌ಸ್ಟನ್ ಸ್ವತಃ ಹಾಜರಿದ್ದರು.

ಆ ಸಾಲುಗಳನ್ನು ಓದಿದ ಕ್ಷಣ ಸ್ಮಿತ್ ಹರ್ಷಾತಿರೇಕದಿಂದ ಬಟ್ಟೆ ಕಳಚಿಹಾಕುತ್ತ ಕೋಣೆಯೆಲ್ಲ ಓಡಾಡಿದನೆಂಬ ಕಥೆ ಪ್ರಸಿದ್ಧವಾಗಿದೆ. ಅದನ್ನು ಬರೆದಿಟ್ಟವರು ಸ್ಮಿತ್ ತೀರಿಕೊಂಡ ಮೇಲೆ ಮ್ಯೂಸಿಯಮ್ ಸೇರಿದ ಬಡ್ಜ್ ಎಂಬ ವಿದ್ವಾಂಸರು. ಅದು ಅಚ್ಚಾದದ್ದು 1925ರಲ್ಲಿ. ಪುರಾಣಗಳನ್ನು ಓದಿದವನ ಸುತ್ತಲೇ ಪುರಾಣವೊಂದು ಬೆಳೆದದ್ದು ಹೀಗೆ!

ಪತ್ರಿಕೆಯೊಂದರ ನೆರವಿನಿಂದ 1873ರಲ್ಲಿ ಸ್ಮಿತ್ ನಿನೆವೆಗೆ ಹೋದ. ಪ್ರಳಯಕಥೆಯ ಇನ್ನೊಂದು ತುಂಡು ಕೆಲವೇ ದಿನಗಳಲ್ಲಿ ಸಿಕ್ಕಿತು. 1876ರಲ್ಲಿ ಮೂವತ್ತಾರರ ಹರೆಯದಲ್ಲಿಯೇ ಅವನು ಸಿರಿಯದ ಅಲೆಪ್ಪೊದಲ್ಲಿ ಮಡಿದ. ತನಗೆ ಸಿಕ್ಕ ತುಂಡು ಗಿಲ್ಗಮೇಶನದಲ್ಲ, ಅದಕ್ಕಿಂತ ಹಳೆಯದಾದ ಅತ್ರಹಸಿಸನ ಕಾವ್ಯದ್ದು ಎಂಬುದು ಅವನಿಗೆ ತಿಳಿಯಲೇ ಇಲ್ಲ. ನಾವು ನಿಂತು ನೋಡಬೇಕಾದದ್ದು ಈ ಕಾವ್ಯವನ್ನೇ.

ಅದರ ಪ್ರಕಾರ ದೇವತೆಗಳು ಮನುಷ್ಯರನ್ನು ಸೃಷ್ಟಿಸಿದ್ದು ತಮ್ಮ ಕಾಲುವೆ ತೋಡುವ ದುಡಿಮೆಯ ಹೊರೆ ಇಳಿಸಿಕೊಳ್ಳಲು. ಜನ ಹೆಚ್ಚಿದರು, ಗದ್ದಲ ಹೆಚ್ಚಿತು. ಎನ್ಲಿಲ್ ದೇವನಿಗೆ ನಿದ್ದೆ ಬಾರದಾಯಿತು. ವ್ಯಾಧಿ, ಬರಗಾಲಗಳಿಂದ ಜನ ಕರಗದಿದ್ದಾಗ ಅವನು ಪ್ರಳಯವನ್ನು ಕಳುಹಿಸಿದ. ಅರ್ಪಣೆ ನಿಂತುಹೋಗಿ ಹಸಿದ ದೇವತೆಗಳು, ಪ್ರಳಯದ ನಂತರ ಬಲಿಯ ವಾಸನೆಗೆ ನೊಣಗಳಂತೆ ಮುತ್ತಿದರು. ಕೊನೆಗೆ ಜನಸಂಖ್ಯೆ ಮತ್ತೆ ಏರದಂತೆ ಬಂಜೆತನವನ್ನೂ ಶಿಶುಮರಣವನ್ನೂ ಲೋಕಕ್ಕೆ ವಿಧಿಸಿದರು.

ಈಗ ಆದಿಕಾಂಡವನ್ನು ತೆರೆಯಿರಿ. ಅದೇ ನಾವೆ, ಅದೇ ಹಕ್ಕಿಗಳು, ಅದೇ ಬಲಿ. ಆದರೆ ಪ್ರಳಯಕ್ಕೆ ಕಾರಣ ಗದ್ದಲವಲ್ಲ, ಭೂಮಿಯನ್ನು ತುಂಬಿದ ಹಿಂಸಾಚಾರ. ಪ್ರಳಯದ ಬಳಿಕ ದೇವರು ಮಕ್ಕಳ ಸಂಖ್ಯೆಗೆ ಕಡಿವಾಣ ಹಾಕುವುದಿಲ್ಲ, ವೃದ್ಧಿಯಾಗಿರೆಂದು ಹರಸುತ್ತಾರೆ. ಮನುಷ್ಯ ದೇವರ ಪ್ರತಿರೂಪವಾದುದರಿಂದ ಅವನ ರಕ್ತ ಚೆಲ್ಲಬಾರದೆಂದು ವಿಧಿಸುತ್ತಾರೆ. ಸುತ್ತಲ ಜನರೆಲ್ಲ ಬಲ್ಲ ಕಥೆಯನ್ನು ತೆಗೆದುಕೊಂಡು ಇಸ್ರಯೇಲರು ಅದರ ಎದೆಯನ್ನೇ ಬದಲಿಸಿದರು. ನಕಲು ಮಾಡುವವನು ಹೀಗೆ ಮಾಡುವುದಿಲ್ಲ. ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟಾಗಲೇ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಆದಕಾರಣ ಮಕ್ಕಳ ಪ್ರಶ್ನೆಗೆ ಅಂಜುವ ಅಗತ್ಯ ನನಗಂತೂ ಕಾಣದು. (2014ರಲ್ಲಿ ಅರ್ವಿಂಗ್ ಫಿಂಕೆಲ್ ಪ್ರಕಟಿಸಿದ ಇನ್ನೊಂದು ಫಲಕದಲ್ಲಿ ಆ ನಾವೆ ದುಂಡಗಿದೆ, ಹಗ್ಗ ಹೆಣೆದು ರಾಳದಂಥ ಕಪ್ಪು ಅಂಟು ಬಳಿದದ್ದು. ಹಂಪಿಯಲ್ಲಿ ತುಂಗಭದ್ರೆ ದಾಟುವ ಹರಿಗೋಲನ್ನು ಬಲ್ಲವರಿಗೆ ಅದರ ಆಕಾರ ಹೊಸದೆನಿಸದು.)

ಪುರಾಣಗಳ ಅಧ್ಯಯನ ಎಲ್ಲ ಕೈಗಳಲ್ಲೂ ಶುದ್ಧವಾಗಿ ಉಳಿಯಲಿಲ್ಲ. 1902ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ಫ್ರೀಡ್ರಿಖ್ ಡೆಲಿಟ್ಷ್ ಎಂಬ ಪ್ರಾಧ್ಯಾಪಕ, ಚಕ್ರವರ್ತಿಯ ಸಮ್ಮುಖದಲ್ಲಿ ಬಾಬಿಲೋನಿಯವೇ ಬೈಬಲ್ಲಿನ ಮೂಲವೆಂಬಂತೆ ಉಪನ್ಯಾಸ ಮಾಡಿದ. ಮೊದಲ ಮಹಾಯುದ್ಧದ ನಂತರ ಪ್ರಕಟಿಸಿದ ಪುಸ್ತಕದಲ್ಲಿ ಹಳೆಯ ಒಡಂಬಡಿಕೆಯೇ ದೊಡ್ಡ ವಂಚನೆ ಎಂದುಬಿಟ್ಟ. ಅದರಲ್ಲಿದ್ದುದು ಪಾಂಡಿತ್ಯಕ್ಕಿಂತ ಯೆಹೂದ್ಯರ ಮೇಲಿನ ದ್ವೇಷವೇ ಹೆಚ್ಚು. ನಾತ್ಸಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಮ್ಯೂನಿಕ್ಕಿನ ಕಾರ್ಡಿನಲ್ ಫೌಲ್‌ಹಾಬರ್, ಆಗಮನ ಕಾಲದ ಪ್ರಬೋಧನೆಗಳಲ್ಲಿ ಹಳೆಯ ಒಡಂಬಡಿಕೆಯನ್ನು ಬಹಿರಂಗವಾಗಿ ಸಮರ್ಥಿಸಬೇಕಾಯಿತು. ಧರ್ಮಸಭೆ ಸಂಶೋಧನೆಗೆ ಬಾಗಿಲು ಹಾಕಿಕೊಳ್ಳಲೂ ಇಲ್ಲ. 1943ರಲ್ಲಿ ಜಗದ್ಗುರು ಹನ್ನೆರಡನೇ ಭಕ್ತಿನಾಥರು, ಅಂದರೆ ಪಯಸ್‌ರವರು, ಪ್ರಾಚೀನರ ಬರವಣಿಗೆಯ ಪ್ರಕಾರಗಳನ್ನು ಅರಿತು ಬೈಬಲನ್ನು ವ್ಯಾಖ್ಯಾನಿಸುವಂತೆ ವಿದ್ವಾಂಸರನ್ನು ಪ್ರೋತ್ಸಾಹಿಸಿದರು.

ಕಥೆ ನಮ್ಮ ಕಾಲಕ್ಕೂ ಬಂದಿದೆ. 2009ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಹವಾಮಾನ ಬದಲಾವಣೆಯನ್ನು ಚರ್ಚಿಸುತ್ತಿದ್ದಾಗ, ಸದಸ್ಯರೊಬ್ಬರು ಆದಿಕಾಂಡದ 8ನೇ ಅಧ್ಯಾಯದ ವಾಗ್ದಾನವನ್ನು ಓದಿ, ಮನುಷ್ಯನಾಗಲಿ ಪ್ರಳಯವಾಗಲಿ ಈ ಭೂಮಿಯನ್ನು ನಾಶಮಾಡದು ಎಂದರು. ಕಥೆಯ ಎದೆಯನ್ನು ಬಿಟ್ಟು ಒಂದು ಸಾಲನ್ನು ಮಾತ್ರ ಹಿಡಿದರೆ ಆಗುವುದು ಹೀಗೆಯೇ. ದೇವರು ನಾಶಮಾಡುವುದಿಲ್ಲವೆಂದು ಮಾತು ಕೊಟ್ಟರೇ ಹೊರತು, ಮನುಷ್ಯನ ಕೈಯಿಂದ ಕೇಡಾಗದೆಂದು ಅಲ್ಲ. ಭೂಮಿ ಕೆಟ್ಟದ್ದೇ ಮನುಷ್ಯರ ಹಿಂಸೆಯಿಂದ ಎಂಬುದು ಆ ಕಥೆಯ ಮೊದಲ ಮಾತು. ಮುಂದಿನ ಅಧ್ಯಾಯದ ಒಡಂಬಡಿಕೆಯೂ ನೋವನೊಬ್ಬನೊಡನೆ ಆದದ್ದಲ್ಲ. ಪಕ್ಷಿ, ಜಾನುವಾರು, ಕಾಡುಮೃಗಗಳೂ ಅದರ ಪಾಲುದಾರರು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಕಾಯಿನ ಮತ್ತು ನೋವರ ವೃತ್ತಾಂತಗಳನ್ನು ಸಂಕೇತಗಳಿಂದ ತುಂಬಿದ ಪ್ರಾಚೀನ ಕಥೆಗಳೆಂದೇ ಕರೆದರು. ನೆರೆಯವನಿಗೆ ಸಲ್ಲಬೇಕಾದ ನ್ಯಾಯವನ್ನೂ ನಿಸರ್ಗದ ಪಾಲನೆಯನ್ನೂ ಒಂದರಿಂದೊಂದು ಬಿಡಿಸಲಾಗದೆಂಬ ತಿಳಿವಳಿಕೆಯನ್ನು ಅವರು ಅವುಗಳಲ್ಲಿ ಕಂಡರು.