ಹತ್ತಿಕಾಳು ಮತ್ತು ಎರೆಭೂಮಿಯ ಸತ್ತ್ವ: ಗದಗ ಸೀಮೆಯ ಕೃಷಿಚರಿತ್ರೆಯಲ್ಲಿ ಒಂದು ಪ್ರಶ್ನೆ

ಧಾರವಾಡ ಸೀಮೆಯ ಹತ್ತಿಯ ಚರಿತ್ರೆಯನ್ನು ನಿರೂಪಿಸುವವರು ಪ್ರಾಯಶಃ ಎಳೆಯ ಉದ್ದ, ಪೇಟೆಯ ಧಾರಣೆ, ಗಿರಣಿಗಳ ಸ್ಥಾಪನೆ ಇವುಗಳನ್ನು ಕುರಿತೇ ಹೇಳುತ್ತಾರೆ. ಹತ್ತಿಯು ಮಣ್ಣಿನಿಂದ ಏನನ್ನು ಪಡೆಯಿತು, ಪಡೆದುದರಲ್ಲಿ ಎಷ್ಟು ಭಾಗ ಹೊಲಕ್ಕೆ ಮರಳಿತು ಎಂಬ ಪ್ರಶ್ನೆ ಹಿಂದುಳಿದಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪ್ರದೇಶವನ್ನು ಮುಂದಿಟ್ಟುಕೊಂಡು ಅದನ್ನು ನಾವು ಇಲ್ಲಿ ವಿಚಾರಿಸುತ್ತೇವೆ.

ಕಪ್ಪತಗುಡ್ಡದ ಆಸುಪಾಸಿನಲ್ಲಿ ಕೆಂಪು ಮಸಾರಿ ಭೂಮಿಯೂ ಬಯಲಿನಲ್ಲಿ ಆಳವಾದ ಎರೆಭೂಮಿಯೂ ಇವೆ. 1948ಕ್ಕೆ ಮುಂಚೆ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ, ಮುಂಡರಗಿಗಳು ಬ್ರಿಟಿಷರ ಆಳ್ವಿಕೆಯಲ್ಲಿದ್ದವು. ಆಳುವವರು ಬೇರೆಯಾದರೂ ಎರೆ ಒಂದೇ, ಒಕ್ಕಲುತನದ ರೀತಿಯೂ ಬಹುಮಟ್ಟಿಗೆ ಒಂದೇ.

ಅರಳೆಯೆಂಬುದು ಬಹುತೇಕ ಶುದ್ಧ ಸೆಲ್ಯುಲೋಸು. ಗಾಳಿ ಮತ್ತು ನೀರಿನಿಂದ ರೂಪುಗೊಂಡ ಈ ವಸ್ತುವಿನಲ್ಲಿ ನೆಲದ ಸತ್ತ್ವ ಅತ್ಯಲ್ಪ. ಗಿಡವು ಹೀರಿದ ಸಾರಜನಕ, ರಂಜಕಗಳ ಬಹುಭಾಗ ಕೊನೆಗೆ ಸಂಗ್ರಹವಾಗುವುದು ಕಾಳಿನಲ್ಲಿ. ಬಿಡಿಸಿದ ಹತ್ತಿಯ ತೂಕದಲ್ಲಿ ಅರಳೆಯು ಮೂರನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ, ಉಳಿದದ್ದೆಲ್ಲ ಕಾಳು. ಆದುದರಿಂದ ಅರಳೆಯನ್ನಷ್ಟೇ ಮಾರುವ ಊರಿನ ಹೊಲವು ಕಳೆದುಕೊಳ್ಳುವುದು ಸ್ವಲ್ಪ. ಕಾಳನ್ನೂ ಮಾರುವ ಊರಿನದು ಹೆಚ್ಚು.

ಕುಮಟೆಯ ಬಂದರಿನಿಂದ ಸಾಗುತ್ತಿದ್ದ ಕಾರಣ ‘ಕುಮಟಾ’ ಎಂದು ಹೆಸರಾದ ನಾಡಹತ್ತಿಯ ಕಾಲದಲ್ಲಿ ಹಳ್ಳಿಯ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಕಾಳನ್ನು ಬೇರ್ಪಡಿಸುತ್ತಿದ್ದರು. ಕಾಳು ಎತ್ತುಗಳ ಬಾಯಿಗೆ, ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ. ಜೋಳದೊಡನೆ ಹತ್ತಿಯನ್ನು ವರ್ಷ ಬಿಟ್ಟು ವರ್ಷ ಬಿತ್ತುವ ಪದ್ಧತಿಯೂ ಇತ್ತು. ಇದನ್ನು ಸುವರ್ಣಯುಗವೆಂದು ಭಾವಿಸಲಾಗದು. ಸಗಣಿಯ ಒಂದು ಪಾಲು ಕುಳ್ಳಾಗಿ, ಹತ್ತಿಕಟ್ಟಿಗೆ ಉರುವಲಾಗಿ ಒಲೆ ಸೇರುತ್ತಿತ್ತು. ದೂರದ ಹೊಲಗಳಿಗೆ ಗೊಬ್ಬರದ ಚಕ್ಕಡಿ ಹೋಗುವುದು ವಿರಳ.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೇರಿಕದ ತೋಟಗಾರರನ್ನು ಕರೆಸಿತು. ಕಲೆಕ್ಟರ ಶಾ ಅವರ ಪ್ರೋತ್ಸಾಹದಿಂದಲೂ ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನ ಪ್ರಯೋಗಗಳಿಂದಲೂ ನ್ಯೂ ಆರ್ಲಿಯನ್ಸ್ ಬೀಜವು ‘ಧಾರವಾಡ-ಅಮೇರಿಕನ್’ ಹತ್ತಿಯಾಗಿ ನೆಲೆಗೊಂಡಿತು. ಇದರ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಕಾಲುಸರಳು ಇಲ್ಲಿ ನಿರುಪಯೋಗಿಯಾಯಿತು. ಗರಗಸದ ಯಂತ್ರ ಬೇಕಾಯಿತು. 1861-65ರ ಅಮೇರಿಕದ ಅಂತರ್ಯುದ್ಧವು ಬೇಡಿಕೆಯನ್ನು ಹಿಗ್ಗಿಸಿತು. 1880ರ ದಶಕದಲ್ಲಿ ರೈಲು ಬಂದ ತರುವಾಯ ಗದಗ ಪಟ್ಟಣವು ಜಿನ್ನಿಂಗ್ ಕಾರಖಾನೆಗಳ ಕೇಂದ್ರವಾಗಿ ಬೆಳೆಯಿತು. ರೈತನು ಕಾಳುಸಮೇತ ಹತ್ತಿಯನ್ನು ಪೇಟೆಯಲ್ಲಿ ಮಾರಿ ಬರಿಯ ಚಕ್ಕಡಿಯೊಡನೆ ಹಿಂತಿರುಗಲು ತೊಡಗಿದನು. ಇತಿಹಾಸಕಾರರು ಇದನ್ನು ವ್ಯಾಪಾರದ ಪ್ರಗತಿಯೆಂದು ಬರೆದರು, ಅದು ನಿಜವೂ ಹೌದು. ಆದರೆ ಅದೇ ದಾರಿಯಲ್ಲಿ ಹೊಲದ ಸಾರಜನಕವೂ ಊರು ಬಿಟ್ಟಿತೆಂಬುದು ನಮ್ಮ ಅಭಿಪ್ರಾಯ. ಕಾಳು ಅಥವಾ ಹಿಂಡಿ ಬೇಕಾದಲ್ಲಿ ರೈತನು ಹಣ ಕೊಟ್ಟು ತರಬೇಕಾಯಿತು.

ನೆಲದಿಂದ ತೆಗೆದುದನ್ನು ನೆಲಕ್ಕೆ ಹಿಂದಿರುಗಿಸಬೇಕೆಂಬ ವಾದವನ್ನು ಜರ್ಮನಿಯ ಲೀಬಿಗನು ಮುಂದಿಟ್ಟ ಗ್ರಂಥವು ತೋಟಗಾರರು ಬಂದ ಆ 1840ರಲ್ಲಿಯೇ ಪ್ರಕಟವಾದುದು ಕುತೂಹಲಕರ. 1893ರ ವರದಿಯಲ್ಲಿ ವೋಲ್ಕರ್ ಅವರು ಭಾರತದಲ್ಲಿ ಸಗಣಿಯನ್ನು ಸುಡುವುದರ ನಷ್ಟವನ್ನು ಚರ್ಚಿಸಿ, ಉರುವಲಿನ ಕೊರತೆಯೇ ಅದಕ್ಕೆ ಕಾರಣವೆಂದರು. ರೈತನ ಅಜ್ಞಾನವನ್ನು ದೂರಲಿಲ್ಲ. ಇಂದೂರಿನಲ್ಲಿ ಹೊವರ್ಡ್ ಅವರು ಹತ್ತಿಕಟ್ಟಿಗೆಯನ್ನೂ ಕೊಳೆಯಿಸಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿ 1931ರಲ್ಲಿ ಪ್ರಕಟಿಸಿದರು. ಕಟ್ಟಿಗೆಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಅಡಿಗೆಗೆ ಏನನ್ನು ಉರಿಸಬೇಕು? ಬಯಲುನಾಡಿನ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಿರಲಿಲ್ಲ.

ಧಾರವಾಡ-ಅಮೇರಿಕನ್ ಹತ್ತಿಯಿಂದ ಆಯ್ದ ‘ಗದಗ-1’ರ ಸಂಕರದಿಂದ ‘ಲಕ್ಷ್ಮಿ’ ಹುಟ್ಟಿತು. ಲಕ್ಷ್ಮಿಯಿಂದ 1972ರಲ್ಲಿ ಧಾರವಾಡದ ಸಂಶೋಧಕರು ‘ವರಲಕ್ಷ್ಮಿ’ಯನ್ನು ಪಡೆದರು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆಯಿತು. ಇಳುವರಿ ಹೆಚ್ಚಿದಂತೆ ಗಿಡವು ಮಣ್ಣಿನಿಂದ ಹೀರುವುದೂ ಹೆಚ್ಚುವುದು ಸಹಜ. ಹೂ ಬಿಟ್ಟು ಕಾಯಿ ಕಟ್ಟುವ ವಾರಗಳಲ್ಲಿ ಅದರ ಹಸಿವು ತೀವ್ರ. ಆ ಹೊತ್ತಿಗೆ ಮಳೆ ಕೈಕೊಟ್ಟರೆ ಚೀಲದ ಗೊಬ್ಬರ ಮಣ್ಣಿನಲ್ಲಿಯೇ ಉಳಿಯುತ್ತದೆ, ಅದಕ್ಕಾಗಿ ಮಾಡಿದ ಸಾಲವೂ ಉಳಿಯುತ್ತದೆ. ಸುಣ್ಣದಂಶ ಹೆಚ್ಚಿರುವ ಎರೆಯಲ್ಲಿ ರಂಜಕವು ಸುಣ್ಣದೊಡನೆ ಸೇರಿ ಬೇರಿಗೆ ದಕ್ಕದಂತಾಗುತ್ತದೆ. ಸತುವಿನ ಲಭ್ಯತೆಯೂ ಕಡಿಮೆ. ಸಾರಜನಕ, ಮೆಗ್ನೀಸಿಯಮ್‌ಗಳ ಕೊರತೆಯಲ್ಲಿ ಎಲೆ ಕೆಂಪಾಗುತ್ತದೆ.

ಹಳೆಯ ಕ್ರಮಗಳಲ್ಲಿ ಕುರಿ ತರುಬುವುದು ಇನ್ನೂ ಉಳಿದಿದೆ. ಸುಗ್ಗಿ ಮುಗಿದ ಹೊಲದಲ್ಲಿ ಹಿಂಡನ್ನು ರಾತ್ರಿ ನಿಲ್ಲಿಸಿದ್ದಕ್ಕೆ ಹೊಲದೊಡೆಯನು ಕುರುಬರಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಹಿಕ್ಕೆಯೂ ಮೂತ್ರವೂ ಬಿದ್ದಲ್ಲಿಯೇ ಮಣ್ಣು ಸೇರುತ್ತವೆ. ಅದಕ್ಕೆ ಚಕ್ಕಡಿಯ ಬಾಡಿಗೆ ಬೇಕಿಲ್ಲ.