ಬಡವರ ಕೇರಿಯಲ್ಲಿ ಹುಟ್ಟಿದ ಶಾಲೆ

ಜಯನಗರದಲ್ಲಿ ಮೂರು ವರ್ಷದ ಮಗುವಿಗೆ ಮಾಂಟೆಸ್ಸರಿ ಸೀಟು ಹುಡುಕುವ ಅಪ್ಪ-ಅಮ್ಮನನ್ನು ನೋಡಿ. ಅರ್ಜಿ, ಇಂಟರ್‌ವ್ಯೂ, ಕೈ ಸುಡುವ ಫೀಸು. ಅದೇ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಮಗು ಅಂಗನವಾಡಿಯಲ್ಲಿ ಕೂತಿರುತ್ತೆ. ಈ ಎರಡಕ್ಕೂ ಬೇರು ಒಂದೇ ಅಂದ್ರೆ ನಂಬ್ತೀರಾ? ಇತಿಹಾಸ ಅದನ್ನೇ ಹೇಳುತ್ತೆ.

ಮರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ಶ್ರೀಮಂತರಿಗಲ್ಲ ಸ್ವಾಮಿ. ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯ ಮಕ್ಕಳಿಗೆ. ಆ ಪದ್ಧತಿಯನ್ನು ನಮ್ಮ ನೆಲಕ್ಕೆ ಒಗ್ಗಿಸಿದವರು ಗುಜರಾತಿನ ಗಿಜುಭಾಯಿ ಬಧೇಕಾ. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್, 1945ರಲ್ಲಿ ಅನುತಾಯಿ ವಾಘ್ ಅವರನ್ನು ಕಟ್ಟಿಕೊಂಡು ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಬಡವರ ಮಕ್ಕಳು ಶಾಲೆಗೆ ಬರಲಿಲ್ಲ. ಸರಿ, ಶಾಲೆಯೇ ಅವರ ಮನೆಯಂಗಳಕ್ಕೆ ಹೋಯಿತು. ಅಂಗಳದ ಶಾಲೆ, ಅಂಗನವಾಡಿ.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದ 33 ಕಡೆ ಐಸಿಡಿಎಸ್ ಯೋಜನೆ ಆರಂಭಿಸಿತು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ ಸೇರಿ ಆರು ಸೇವೆಗಳು. ಕಲಿಕೆ ಅದರಲ್ಲಿ ಒಂದು. ಇದರಿಂದ ಎಷ್ಟೋ ಮಕ್ಕಳ ಹೊಟ್ಟೆ ತುಂಬಿತು, ಜೀವ ಉಳಿಯಿತು. ಅದನ್ನು ಅಲ್ಲಗಳೆಯೋ ಹಾಗಿಲ್ಲ. ಆದ್ರೆ ಕಲಿಕೆ ಮೂಲೆಗೆ ಸರಿಯಿತು.

ಯಾಕೆ? ಕಲಿಸುವವಳನ್ನು ಸರ್ಕಾರ ಟೀಚರ್ ಅಂತ ಕರೆಯಲೇ ಇಲ್ಲ, ಕಾರ್ಯಕರ್ತೆ ಅಂದಿತು. ಸಂಬಳ ಅನ್ನಲಿಲ್ಲ, ಗೌರವಧನ ಅಂದಿತು. ಮೆಟ್ರಿಕ್ ಆದವಳಿಗೆ ಶುರುವಿನಲ್ಲಿ ತಿಂಗಳಿಗೆ 150 ರೂಪಾಯಿ, ಆಗದವಳಿಗೆ 100. ಮಗು ತೂಗಬೇಕು, ಗರ್ಭಿಣಿಯರ ಲೆಕ್ಕ ಇಡಬೇಕು, ಸರ್ವೆಗೆ ಓಡಬೇಕು. ಇಷ್ಟೆಲ್ಲ ಮುಗಿಸಿ ಹಾಡು-ಕಥೆಗೆ ಸಮಯ ಎಲ್ಲಿಂದ ತರ್ತಾಳೆ?

ಕರ್ನಾಟಕದ್ದೇ ಅಮೀರ್‌ಬಿ ಪ್ರಕರಣದಲ್ಲಿ, ಇದು ಸರ್ಕಾರಿ ಹುದ್ದೆಯಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟು ಅಂಗನವಾಡಿಯವರಿಗೆ ಗ್ರಾಚ್ಯುಟಿ ಕೊಡಿ ಅಂದಿತು. ಒಂದು ಹೆಜ್ಜೆಗೆ ಹದಿನಾರು ವರ್ಷ! ಅದೂ ಫ್ರೀಡಂ ಪಾರ್ಕಿನ ಬಿಸಿಲಲ್ಲಿ ಕೂತು ಕೂತು.

2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲಿ ಎಲ್‌ಕೆಜಿ-ಯುಕೆಜಿ ಆರಂಭವಾಯಿತು, ಸರ್ಕಾರಿ ಮಾಂಟೆಸ್ಸರಿ ಎಂಬ ಹೆಸರಲ್ಲಿ. ಸಂತೋಷ. ಬಡವರ ಕೇರಿಯಲ್ಲಿ ಹುಟ್ಟಿದ ಹೆಸರು ಬಡವರ ಕೇರಿಗೇ ವಾಪಸ್ ಬಂತು. ಆದ್ರೆ ಬೋರ್ಡು ಬದಲಾದ ಮಾತ್ರಕ್ಕೆ ಮಗು ಕಲಿಯಲ್ಲ. ಆ ಹೆಣ್ಣುಮಗಳ ಕೈಯಿಂದ ರಿಜಿಸ್ಟರ್ ಇಳಿಸಿ, ತರಬೇತಿ ಕೊಡಿ, ಟೀಚರ್ ಸಂಬಳ ಕೊಡಿ. ಮಕ್ಕಳು ಆಗಲೇ ಅವಳನ್ನು ಟೀಚರ್ ಅಂತಾನೇ ಕರೀತಿವೆ. ಸರ್ಕಾರ ಯಾವಾಗ ಕರೆಯುತ್ತೆ?